ಅಕ್ಕನಿಗಿಂತ ಹೆಚ್ಚು

ಮೇ ೨, ಮಂಗಳವಾರ

ಕೇಕು ವಾಪಸ್ಸು ಬಂತು. ತಾನಾಗಿ ನಡೆದು ಬರಲಿಲ್ಲ. ಕೊಂಡ ಹೆಂಗಸು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಊದಿಸಿಕೊಂಡು ಬಂದು, ಭಾವನ ಗಲ್ಲಾಪೆಟ್ಟಿಗೆಯ ಪಕ್ಕ ಕುಕ್ಕಿದರು. ಒಳಗೆ ನೋಡಿದರೆ ಅರ್ಧ ತಿಂದಿದ್ದಾರೆ. ಅಕ್ಕನ ಕೈಯ ಕೇಕು ಅರ್ಧ ತಿಂದ ಮೇಲೂ ಸಿಟ್ಟು ಇಳಿದಿಲ್ಲವೆಂದರೆ ತಪ್ಪು ಕೇಕಿನದಲ್ಲ, ಅದರ ಮೇಲಿನ ಬರಹದ್ದು. ಬರಹ ನನ್ನದು. ನಮ್ಮ ಬೇಕರಿಯಲ್ಲಿ ಅಕ್ಕ ಬೇಯಿಸುತ್ತಾಳೆ, ಭಾವ ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುತ್ತಾರೆ, ನಾನು ಕ್ರೀಮಿನ ಕೋನ್ ಹಿಡಿದು ಕೇಕಿನ ಮೇಲೆ ಬರೆಯುತ್ತೇನೆ. ಹೊಗಳಿಕೆ ಬಂದರೆ ಅಕ್ಕನಿಗೆ, ಬೈಗುಳ ಬಂದರೆ ನನಗೆ, ಹುಟ್ಟಿದಾಗಿನಿಂದಲೂ ಹೀಗೇ.

ಆದದ್ದು ಇಷ್ಟು. ಆ ಹೆಂಗಸಿನ ಮದುವೆಯ ವಾರ್ಷಿಕೋತ್ಸವ. ಹೃದಯದ ಆಕಾರದ ಕೇಕು. ಅದರ ಮೇಲೆ ಗಂಡನಿಗೊಂದು ಹುಸಿಮುನಿಸಿನ ಮಾತು, ಇಂಗ್ಲಿಷಿನಲ್ಲಿ: ‘ಯು ಲವ್ ದ ಕ್ಯಾಟ್ ಮೋರ್ ದ್ಯಾನ್ ಮೀ.’ ಅಂದರೆ, ನನಗಿಂತ ನಿಮಗೆ ಬೆಕ್ಕೇ ಹೆಚ್ಚು. ಭಾವ ಚೀಟಿಯಲ್ಲಿ ಸರಿಯಾಗಿಯೇ ಬರೆದಿದ್ದರು. ಆದರೆ ಹೃದಯದ ಕೇಕು ಮೇಲೆ ಅಗಲ, ಕೆಳಗೆ ಚೂಪು. ಕೊನೆಯ ಪದ ಬರುವ ಹೊತ್ತಿಗೆ ಒಂದೇ ಒಂದು ಅಕ್ಷರಕ್ಕೆ ಜಾಗ ಉಳಿದಿರುತ್ತದೆ. ಮೀ ಅಂದರೆ ಇಂಗ್ಲಿಷಿನಲ್ಲಿ ಎರಡಕ್ಷರ, ಅದರಲ್ಲೂ ಮೊದಲನೆಯದಕ್ಕೆ ಮೂರು ಕಾಲು. ಐ ಅಂದರೆ ಒಂದೇ ಒಂದು ಗೆರೆ. ಎರಡರ ಅರ್ಥವೂ ‘ನಾನು’ ತಾನೆ? ಹೃದಯದ ತುದಿಗೆ ನಾನು ಯಾವಾಗಲೂ ಐ ಹಾಕುವುದೇ. ಇಷ್ಟು ವರ್ಷ ಯಾರೂ ತುಟಿ ಪಿಟಕ್ ಎಂದಿರಲಿಲ್ಲ.

ಈ ಗಂಡ ಮಾತ್ರ ಇಂಗ್ಲಿಷನ್ನು ಅರೆದು ಕುಡಿದವರಂತೆ. ನೆಂಟರೆಲ್ಲರ ಮುಂದೆ ಕೇಕು ಓದಿ, ಖುಷಿಯಾಗಿ, “ಸದ್ಯ, ನೀನೇ ಒಪ್ಕೊಂಡ್ಯಲ್ಲ! ಬೆಕ್ಕಿನ ಮೇಲೆ ನನಗಿರೋ ಪ್ರೀತಿ ನಿನಗೆಲ್ಲಿದೆ? ಅದಕ್ಕೆ ಹಾಲು ಹಾಕೋದೂ ನಾನೇ,” ಅಂದರಂತೆ. ಐ ಹಾಕಿದರೆ, ‘ನಾನು ಬೆಕ್ಕನ್ನು ಪ್ರೀತಿಸುವುದಕ್ಕಿಂತ ನೀವು ಹೆಚ್ಚು ಪ್ರೀತಿಸುತ್ತೀರಿ’ ಎಂದಾಗುತ್ತದಂತೆ. ಹೆಂಡತಿಯ ಮುನಿಸು ಹೋಗಿ ಹೆಂಡತಿಯ ತಪ್ಪೊಪ್ಪಿಗೆಯಾಯಿತು. ಆಮೇಲೆ ಊಟ ಮುಗಿಯುವವರೆಗೂ ಬೆಕ್ಕಿನ ಗುಣಗಾನವೇ ನಡೆಯಿತಂತೆ.

“ನಾನು ಹೇಳಿದ್ದು ಮೀ! ನೀವು ಬರೆದಿದ್ದು ಐ!” ಎಂದು ಆಕೆ ಕೂಗಿದರು.

“ಎರಡೂ ನೀವೇ ಅಲ್ವಾಮ್ಮ?” ಎಂದೆ. ಅಷ್ಟು ಹೇಳದೆ ಇದ್ದಿದ್ದರೆ ಒಳ್ಳೆಯದಿತ್ತು.

ಅಕ್ಕ ಇನ್ನೊಂದು ಕೇಕು ಕೊಟ್ಟು ಆಕೆಯನ್ನು ಸಮಾಧಾನ ಮಾಡಿ ಕಳಿಸಿದಳು. ಆಮೇಲೆ ತಟ್ಟೆ ತೊಳೆಯುತ್ತ, ನನ್ನ ಮುಖ ನೋಡದೆ, “ಪ್ರಿಂಟ್ ಮಾಡೋ ಮೆಷಿನ್ ತರಿಸೋಣ ಅಂತಿದ್ದೀನಿ ಕಣೆ ಕುಳ್ಳಿ,” ಎಂದಳು. ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ ಸಕ್ಕರೆಯ ಹಾಳೆಯ ಮೇಲೆ ಅಚ್ಚಾಗಿ ಬರುತ್ತದಂತೆ, ಅದನ್ನು ಕೇಕಿಗೆ ಅಂಟಿಸಿದರೆ ಆಯಿತಂತೆ.

“ಮತ್ತೆ ನಾನು?”

“ನೀನು ಬ್ರೆಡ್ ಕಡೆ ನೋಡ್ಕೋ.”

ಬ್ರೆಡ್ಡಿನ ಮೇಲೆ ಯಾರಾದರೂ ಏನಾದರೂ ಬರೆಸುತ್ತಾರೆಯೇ? ನನಗೆ ಬರುವ ಕೆಲಸ ಇದೊಂದೇ. ಅಕ್ಕ ನನಗಿಂತ ಉದ್ದ ಇದ್ದಾಳೆ, ಅವಳಿಗೆ ನನಗಿಂತ ಹೆಚ್ಚು ಕೂದಲಿದೆ, ನನಗಿಂತ ಮೊದಲು ಮದುವೆಯಾಯಿತು, ನನಗೆ ಆಗಲೇ ಇಲ್ಲ. ಅವಳಿಗೆ ಬಾರದೆ ನನಗೆ ಬರುವುದೆಂದರೆ ಈ ಕೋನ್ ಹಿಡಿಯುವುದು. ಅದನ್ನೂ ಕಿತ್ತುಕೊಳ್ಳುತ್ತಾಳಂತೆ.

ಮೇ ೩, ಬುಧವಾರ

ಅಕ್ಕನ ಜೊತೆ ಮಾತು ಬಿಟ್ಟಿದ್ದೇನೆ. ಅವಳಿಗೆ ಅದು ಇನ್ನೂ ಗೊತ್ತಾಗಿಲ್ಲ.

ಮೇ ೫, ಶುಕ್ರವಾರ

ಮೆಷಿನ್ ಮಾರುವವನು ಬಂದಿದ್ದ. ಬಣ್ಣಬಣ್ಣದ ಪುಸ್ತಕ ತೆರೆದು ತೋರಿಸಿದ. ಅದರಲ್ಲಿನ ಅಕ್ಷರಗಳೆಲ್ಲ ಶಾಲೆಗೆ ಹೊರಟ ಮಕ್ಕಳ ಹಾಗೆ ಒಂದೇ ಎತ್ತರಕ್ಕೆ ಸಾಲಾಗಿ ನಿಂತಿದ್ದವು. ತಿಂಗಳ ಕೊನೆಗೆ ಮತ್ತೆ ಬರುತ್ತಾನಂತೆ. ಅಷ್ಟರೊಳಗೆ ಇನ್ನೊಂದು ಕೇಕು ವಾಪಸ್ಸು ಬರದಿದ್ದರೆ ನೋಡೋಣ ಎಂದು ಅಕ್ಕ ದೊಡ್ಡ ಮನಸ್ಸು ಮಾಡಿದಳು. ಜೊತೆಗೆ ಇನ್ನೊಂದು ಮಾತು: “ಎದುರುಗಡೆ ಕನ್ನಡಕದ ಅಂಗಡಿಯವರ ಹತ್ರ ಹೋಗಿ ಕಣ್ಣು ತೋರಿಸ್ಕೊಂಡ್ ಬಾ.”

“ನನ್ನ ಕಣ್ಣಿಗೆ ಏನಾಗಿದೆ?”

“ಕಣ್ಣಿಗೇನೋ ಗೊತ್ತಿಲ್ಲ. ಮೂಗಿಗೆ ಕ್ರೀಮ್ ಆಗಿದೆ.”

ನೋಡಿ, ಹೀಗೆ ಅಣಕಿಸುವುದು! ಅವಳು ನನಗಿಂತ ದೊಡ್ಡವಳಾಗಿಯೂ ಕನ್ನಡಕವಿಲ್ಲದೆ ಸಾಸಿವೆ ಎಣಿಸುತ್ತಾಳೆ ಎಂಬ ಜಂಭ. ಅವಳ ಬಾಯಿ ಮುಚ್ಚಿಸಲು ಸಂಜೆ ರಸ್ತೆ ದಾಟಿ ಹೋದೆ.

ಕನ್ನಡಕದವರು ಒಂದು ಕನ್ನಡಕವನ್ನು ಮೂಗಿನ ಮೇಲೆ, ಒಂದನ್ನು ಹಣೆಯ ಮೇಲೆ, ಮತ್ತೊಂದನ್ನು ಕೊರಳಿನಲ್ಲಿ ಇಟ್ಟುಕೊಂಡು ನಾಲ್ಕನೆಯದನ್ನು ಮೇಜಿನ ಕೆಳಗೆ ಹುಡುಕುತ್ತಿದ್ದರು. ಗೋಡೆಯ ಮೇಲೆ ಅಕ್ಷರಗಳ ಹಲಗೆ. ಕೊನೆಯ ಸಾಲು ಓದಿ ಅಂದರು. ಬಾಯಿಗೆ ಬಂದ ಅಕ್ಷರ ಹೇಳಿದೆ.

“ಇಷ್ಟು ಧೈರ್ಯವಾಗಿ ಊಹೆ ಮಾಡೋರನ್ನ ನಾನು ನೋಡೇ ಇಲ್ಲ,” ಎಂದರು.

ಮಾತು ಬೇರೆ ಕಡೆ ತಿರುಗಿಸಬೇಕಿತ್ತು. ಬೆಕ್ಕಿನ ಕೇಕಿನ ಕಥೆ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು; ಇಡೀ ಬೀದಿಗೆ ಗೊತ್ತಿದೆ. ಅವರ ಅಪ್ಪ ಇಂಗ್ಲಿಷ್ ಮೇಷ್ಟರಾಗಿದ್ದರಂತೆ. ತಿಂಡಿ ತಟ್ಟೆ ಮುಂದೆ ಇಟ್ಟು, ವ್ಯಾಕರಣ ಕೇಳಿ, ಸರಿಯಾಗಿ ಹೇಳಿದರೆ ಮಾತ್ರ ಚಮಚ ಕೊಡುತ್ತಿದ್ದರಂತೆ.

“ಇಂಗ್ಲಿಷಿನವರು ಹೋಲಿಕೆ ಮಾಡೋವಾಗ ವಾಕ್ಯದ ಬಾಲ ಕತ್ತರಿಸಿಬಿಡ್ತಾರೆ. ನೀವು ಆ ಬಾಲಾನ ಮತ್ತೆ ಅಂಟಿಸಿ ನೋಡಿ, ಯಾವ ಪದ ಅಂತ ತಾನಾಗೇ ಗೊತ್ತಾಗುತ್ತೆ,” ಎಂದು ಕಿಟಕಿಯಾಚೆ ನೋಡಿದರು. “ಷಿ ಈಸ್ ಟಾಲರ್ ದ್ಯಾನ್ ಐ. ಅವಳು ನನಗಿಂತ ಉದ್ದ. ಬಾಲ ಏನು? ಆಮ್. ದ್ಯಾನ್ ಐ ಆಮ್. ಮೀ ಆಮ್ ಅಂತ ಯಾರಾದ್ರೂ ಅಂತಾರಾ?”

“ಎಲ್ರೂ ದ್ಯಾನ್ ಮೀ ಅಂತಾರಲ್ಲ?”

“ಅನ್ನಲಿ ಬಿಡಿ. ಉದ್ದ, ಗಿಡ್ಡದ ವಾಕ್ಯದಲ್ಲಿ ಅರ್ಥ ಕೆಡಲ್ಲ, ನಮ್ಮಪ್ಪನ್ನ ಬಿಟ್ರೆ ಯಾರೂ ಬೈಯಲ್ಲ. ಪ್ರೀತಿ ಮಾಡೋ ವಾಕ್ಯದಲ್ಲಿ ಮಾತ್ರ ಹುಷಾರಾಗಿರ್ಬೇಕು. ಅದಕ್ಕೆ ಎರಡು ಬಾಲ ಇರುತ್ತೆ.”

ಕಿಟಕಿಯಾಚೆ ಅಕ್ಕ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಉದಾಹರಣೆಗೂ ಅವಳೇ ಬೇಕು, ಅವಳ ಉದ್ದವೇ ಬೇಕು! ಕಣ್ಣು ಪರೀಕ್ಷೆ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಕನ್ನಡಕದವರು ಬೂದು ಬಣ್ಣದ ಅಂಗಿ ಹಾಕಿದ್ದರು. ಮೇಲಿನ ಗುಂಡಿ ಬೇರೆ ಬಣ್ಣದ್ದು.

ಮೇ ೮, ಸೋಮವಾರ

ಮತ್ತೆ ಹೋಗಿದ್ದೆ. ಪಾಠಕ್ಕೆ ಹೋದದ್ದು, ಕಣ್ಣಿಗಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಕೇಕು ಕತ್ತರಿಸಿ ಉಳಿದ ಅಂಚುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋದೆ. ಕನ್ನಡಕದವರು ನಿಂತಲ್ಲೇ ಮುಗಿಸಿದರು. ಗಡ್ಡಕ್ಕೆ ಅಂಟಿದ್ದ ಪುಡಿಯನ್ನು ಹೇಳಬೇಕೋ ಬೇಡವೋ ತಿಳಿಯದೆ, ಪಾಠ ಮುಗಿಯುವವರೆಗೂ ಅದನ್ನೇ ನೋಡುತ್ತ ಕೂತೆ.

ಆದರೂ ಪಾಠ ತಲೆಗೆ ಹತ್ತಿದೆ. ನಮ್ಮ ಮಾತಿನಲ್ಲಿ ‘ನನಗಿಂತ’ ಅಂದುಬಿಟ್ಟರೆ ಮುಗಿಯಿತು. ಯಾವ ಬಾಲ ಎಂದು ಆಡಿದವರ ಮುಖ ನೋಡಿ ತಿಳಿದುಕೊಳ್ಳಬೇಕು. ಕೇಕಿಗೆ ಮುಖ ಇರುವುದಿಲ್ಲವಲ್ಲ. ಇಂಗ್ಲಿಷಿನಲ್ಲಿ ಐ ಹಾಕಿದರೆ ಪ್ರೀತಿಸುವವಳು ನಾನು, ಮೀ ಹಾಕಿದರೆ ಪ್ರೀತಿಸಿಕೊಳ್ಳುವವಳು, ಇಲ್ಲವೇ ಪ್ರೀತಿ ಸಿಗದೆ ಮೂಲೆಯಲ್ಲಿ ಕೂತವಳು. ಇಷ್ಟು ಸಣ್ಣ ಪದದಲ್ಲಿ ಇಷ್ಟು ದೊಡ್ಡ ಗಲಾಟೆ ಅಡಗಿರುತ್ತದೆಂದು ಯಾರಿಗೆ ಗೊತ್ತಿತ್ತು?

ಈಗ ನನಗೆ ಎಲ್ಲದರಲ್ಲೂ ಬಾಲವೇ ಕಾಣುತ್ತಿದೆ. ಸಂಜೆ ಕಾಫಿ ಕುಡಿಯುವಾಗ, “ಭಾವನಿಗೆ ಅಕ್ಕನಿಗಿಂತ ಕಾಫಿ ಮೇಲೆ ಪ್ರೀತಿ ಹೆಚ್ಚು. ಇದಕ್ಕೆ ಎರಡು ಅರ್ಥ ಇದೆ. ಒಂದು, ಅಕ್ಕ ಕಾಫಿನ ಅಷ್ಟು ಪ್ರೀತಿಸಲ್ಲ. ಇನ್ನೊಂದು…” ಎಂದೆ.

ಭಾವನಿಗೆ ನೆತ್ತಿ ಹತ್ತಿತು. ಕೆಮ್ಮುತ್ತಲೇ, “ಆ ಇನ್ನೊಂದನ್ನ ಮಾತ್ರ ಅಂಟಿಸಬೇಡ ತಾಯಿ, ರಾತ್ರಿ ನಾನು ಮನೇಲೇ ಮಲಗ್ಬೇಕು!” ಎಂದರು. ಅಕ್ಕ ಮೈದಾ ಕೈಯಲ್ಲೇ ಅವರ ಬೆನ್ನಿಗೆ ಗುದ್ದಿದಳು. ಅಂಗಿಯ ಮೇಲೆ ಐದು ಬೆರಳು ಮೂಡಿದವು. ಮಾತು ಬಿಟ್ಟಿದ್ದೇನೆಂಬುದು ನನಗೆ ಆಮೇಲೆ ನೆನಪಾಯಿತು.

ಮೇ ೧೨, ಶುಕ್ರವಾರ

ಇವತ್ತು ಸ್ವಲ್ಪದರಲ್ಲಿ ಎಡವಟ್ಟಾಗುತ್ತಿತ್ತು. ಒಬ್ಬಳು ಕಾಲೇಜು ಹುಡುಗಿ ಗೆಳತಿಯ ಹುಟ್ಟುಹಬ್ಬಕ್ಕೆ, ‘ಯು ಆರ್ ಓಲ್ಡರ್ ದ್ಯಾನ್ ಮೀ’ ಎಂದು ಬರೆಯಿರಿ ಅಂದಳು. ನೀನು ನನಗಿಂತ ಮುದುಕಿ ಎಂದು ಚುಡಾಯಿಸುವುದು. ನಾನು ಕೋನ್ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಬಾಲದ ಪಾಠ ಪೂರ್ತಿ ಒಪ್ಪಿಸಿದೆ. ಐ ಆಗಬೇಕು, ಮೀ ಆಗಕೂಡದು, ನಾನು ಬರೆಯುವುದಿಲ್ಲ ಎಂದೆ. ಹಿಂದೆ ಸಾಲು ಬೆಳೆಯುತ್ತಿತ್ತು.

ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡಳು. “ಆಂಟಿ, ಐ ಹಾಕಿದ್ರೆ ನಮ್ಮ ಪ್ರಿನ್ಸಿಪಾಲ್ರು ಬರೆದ ಹಾಗಿರುತ್ತೆ. ಅವಳು ಹೆದರ್ಕೊಂಡು ಕೇಕೇ ತಿನ್ನಲ್ಲ. ಮೀನೇ ಹಾಕಿ ಪ್ಲೀಸ್.”

ಮೀ ಹಾಕಿದೆ. ದುಂಡು ಕೇಕು, ಜಾಗಕ್ಕೇನೂ ಕೊರತೆ ಇರಲಿಲ್ಲ.

ರಸ್ತೆ ದಾಟಿ ಹೋಗಿ ಇದನ್ನು ಹೇಳಿದರೆ ಕನ್ನಡಕದವರು ನಕ್ಕೂ ನಕ್ಕೂ ಕೊರಳಿನ ಕನ್ನಡಕ ಎಗರಿ ಎಗರಿ ಬಿತ್ತು. “ನಮ್ಮಪ್ಪನಿಗೆ ನೀವು ಸಿಕ್ಕಿದ್ರೆ ನನ್ನನ್ನ ಮನೆಯಿಂದ ಆಚೆ ಹಾಕಿ ನಿಮ್ಮನ್ನ ಇಟ್ಕೋತಿದ್ರು,” ಎಂದರು. ಸರಿಯಾದ ಪದ ಯಾವುದು ಎಂದು ತಿಳಿದಿರುವುದು ಒಂದು, ಅದನ್ನು ಯಾರ ಬಾಯಲ್ಲಿ ಹಾಕುತ್ತೇವೆ ಎಂದು ತಿಳಿಯುವುದು ಇನ್ನೊಂದು ಎಂದೂ ಹೇಳಿದರು. ಇದನ್ನು ನಾನು ಗೋಡೆಯ ಮೇಲೆ ಬರೆದಿಡಬೇಕೆಂದಿದ್ದೇನೆ. ನೀಲಿ ಅಂಗಿ. ಗಡ್ಡ ಕತ್ತರಿಸಿಕೊಂಡಿದ್ದಾರೆ.

ಆಮೇಲೆ ಕನ್ನಡಕದ ಚೌಕಟ್ಟುಗಳನ್ನು ತೋರಿಸಿದರು. ನನಗೆ ಬೇಡ, ಕನ್ನಡಕ ಮುದುಕಿಯರಿಗೆ ಎಂದೆ. ಆದರೂ ಮರ್ಯಾದೆಗೆ ಇರಲಿ ಎಂದು ಅಂಗಡಿಯಲ್ಲಿದ್ದ ಎಲ್ಲವನ್ನೂ ಹಾಕಿ ನೋಡಿದೆ.

ಮೇ ೧೬, ಮಂಗಳವಾರ

ಬಸ್ ಓಡಿಸುವ ಅಮ್ಮ ಒಬ್ಬರು ಫೋನಿನಲ್ಲಿ ಆರ್ಡರ್ ಕೊಟ್ಟಿದ್ದರು. ನಾಳೆ ಮಗಳ ಮದುವೆ. ಅಳಿಯನಿಗೆ ಕೊಡಲು ಕೇಕು. ಭಾವ ಬರೆದುಕೊಂಡ ಚೀಟಿ ಓದಿ ಕೋನ್ ಕೆಳಗಿಟ್ಟೆ: ‘ಷಿ ಲವ್ಸ್ ಯು ಮೋರ್ ದ್ಯಾನ್ ಮೀ.’ ನನಗಿಂತ ಅವಳಿಗೆ ನಿಮ್ಮ ಮೇಲೆ ಪ್ರೀತಿ ಹೆಚ್ಚು. ಎರಡು ಬಾಲದ ವಾಕ್ಯ! ಮೀ ಅಂದರೆ, ಮಗಳು ತಾಯಿಯನ್ನು ಪ್ರೀತಿಸುವುದಕ್ಕಿಂತ ಹೆಚ್ಚಾಗಿ ಅಳಿಯನನ್ನು ಪ್ರೀತಿಸುತ್ತಾಳೆ. ಐ ಅಂದರೆ, ತಾಯಿ ಅಳಿಯನನ್ನು ಪ್ರೀತಿಸುವುದಕ್ಕಿಂತ ಮಗಳು ಹೆಚ್ಚಾಗಿ ಪ್ರೀತಿಸುತ್ತಾಳೆ. ಒಂದು ಹೊಟ್ಟೆಯ ಸಂಕಟ, ಇನ್ನೊಂದು ಬರೀ ತಮಾಷೆ. ಮದುವೆಮನೆಯಲ್ಲಿ ಇದು ಅದಲುಬದಲಾದರೆ ಮೆಷಿನ್ ಬಂದು ಕೂತಿತೆಂದೇ ಲೆಕ್ಕ.

ಫೋನ್ ಮಾಡಿದೆ. ಆ ಕಡೆ ಬಸ್ಸು ನಿಂತ ಸದ್ದು, ಜನ ಇಳಿಯುವ ಗಲಾಟೆ. ಸುತ್ತಿ ಬಳಸಿ, ಬೆವರು ಸುರಿಸಿ, ಎರಡು ಅರ್ಥವನ್ನೂ ಬಿಡಿಸಿ ಹೇಳಿದೆ. ಆಕೆ ಎಂಜಿನ್ ಆರಿಸಿದ್ದು ಕೇಳಿಸಿತು.

“ಎರಡೂ ನಿಜಾನೇ ಕಣಮ್ಮ,” ಎಂದರು ಕೊನೆಗೆ.

“ಯಾವುದು ಬರೀಲಿ?”

“ಕಮ್ಮಿ ನೋವಾಗೋದು ಬರಿ.”

“ಯಾರಿಗೆ ಕಮ್ಮಿ ನೋವಾಗೋದು?”

“ಹುಡುಗಿಗೆ ಕಣಮ್ಮ. ಇನ್ಯಾರಿಗೆ? ನನ್ನದೇನು, ನಾನು ಹಾರ್ನ್ ಹೊಡ್ಕೊಂಡು ಹೋಗ್ತಾ ಇರ್ತೀನಿ,” ಎಂದು ನಿಜವಾಗಿಯೂ ಹಾರ್ನ್ ಹೊಡೆದು ಫೋನ್ ಇಟ್ಟರು.

‘ದ್ಯಾನ್ ಐ’ ಬರೆದೆ. ಅನುಮಾನಕ್ಕೆ ಎಡೆ ಇರಬಾರದೆಂದು ‘ಡು’ ಎಂಬ ಬಾಲವನ್ನೂ ಅಂಟಿಸಿದೆ. ಬರೆಯುವಾಗ ಕಣ್ಣಲ್ಲಿ ನೀರು ಬಂದು ಒಂದು ಅಕ್ಷರ ಸೊಟ್ಟಗಾಯಿತು, ಅದನ್ನು ಗುಲಾಬಿ ಮಾಡಿದೆ.

ಮೇ ೧೮, ಗುರುವಾರ

ಬೆಳಗ್ಗೆ ಬಸ್ಸಿನಮ್ಮ ನಮ್ಮದೇ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತದ್ದು ನೋಡಿ ನಾನು ಕೋನನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಅಕ್ಕ ಓವನ್ನಿನ ಬಾಗಿಲು ತೆರೆದವಳು ಹಾಗೇ ನಿಂತಳು. ಭಾವ ಲೆಕ್ಕ ತಪ್ಪಿದರು. ಡಬ್ಬಿ ತೆರೆದರೆ ಖಾಲಿ! ಒಂದು ತುಣುಕೂ ಉಳಿದಿರಲಿಲ್ಲ.

“ಅಳಿಯ ಓದಿ ಏನಂದ ಗೊತ್ತಾ? ‘ಅತ್ತೆ, ಅವಳಷ್ಟು ಬೇಡ, ನೀವೂ ಸ್ವಲ್ಪ ಪ್ರೀತಿ ಮಾಡಿ’ ಅಂದ! ಹುಡುಗಿ ನಕ್ಕು ನಕ್ಕು ಅತ್ತುಬಿಟ್ಲು,” ಎಂದು ಆಕೆ ನನ್ನ ಕೆನ್ನೆ ಹಿಂಡಿದರು. ಡಿಪೋದಲ್ಲಿ ಹಂಚಲು ಇನ್ನೂ ದೊಡ್ಡ ಕೇಕು ಹೇಳಿ ಹೋದರು.

ಹಿಟ್ಟು, ಬೆಣ್ಣೆ, ಸಕ್ಕರೆ ಎಲ್ಲ ನನ್ನ ಜೊತೆ ಕುಣಿಯುತ್ತಿದ್ದಂತಿತ್ತು. ಅಕ್ಕನನ್ನೇ ಹಿಡಿದು ಒಂದು ಸುತ್ತು ತಿರುಗಿಸಿದೆ. ಅವಳ ಉದ್ದಕ್ಕೆ ನನ್ನ ಮೂಗು ಅವಳ ಏಪ್ರನ್ನಿನ ಮೇಲಿನ ಜೇಬಿಗೆ ಬರುತ್ತದೆ. ಜೇಬಿನಲ್ಲಿ ಏಲಕ್ಕಿ ಇತ್ತು. ಆಮೇಲೆ ಎದುರುಗಡೆ ಓಡಿದೆ. ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು.

ಮೇ ೧೯, ಶುಕ್ರವಾರ

ಅಕ್ಕ ಈಗೀಗ ನಾನು ಬರೆಯುವಾಗ ಬಂದು ಹಿಂದೆ ನಿಲ್ಲುತ್ತಾಳೆ. ಇವತ್ತು ದೀಪವನ್ನು ನನ್ನ ಕಡೆಗೆ ಎಳೆದಿಟ್ಟು ಹೋದಳು. ತಪ್ಪು ಹುಡುಕಲು ಬೆಳಕು ಸಾಲದಾಗಿರಬೇಕು.

ಮೇ ೨೨, ಸೋಮವಾರ

ಕೊನೆಗೂ ಕಣ್ಣು ಪೂರ್ತಿ ಪರೀಕ್ಷೆ ಮಾಡಿಸಿಕೊಂಡೆ. ಅಕ್ಷರ ನೋಡಿ ಊಹೆ ಮಾಡುವುದನ್ನು ಬಿಟ್ಟು, ಕಾಣುವುದಿಲ್ಲ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆ. “ಗೊತ್ತಿತ್ತು,” ಅಂದರು. ಹತ್ತಿರದ್ದು ಓದಲು ಕನ್ನಡಕ ಬೇಕೇ ಬೇಕಂತೆ. ಚೌಕಟ್ಟು ಸರಿಮಾಡುವಾಗ ಅವರ ಬೆರಳು ನನ್ನ ಕಿವಿಗೆ ತಾಗಿತು. ಕಿವಿ ಸಂಜೆಯವರೆಗೂ ಬಿಸಿಯಾಗಿತ್ತು. ಓವನ್ನಿನ ಮುಂದೆ ನಿಂತು ನಿಂತು ಹಾಗಾಗಿರಬೇಕು.

ಮೇ ೨೪, ಬುಧವಾರ

ಪೂರ್ತಿ ಅಂಕ! ಪೂರ್ತಿ ಅಂಕ!

ಇವತ್ತು ಕನ್ನಡಕದವರು ಒಂದೇ ಕನ್ನಡಕ ಹಾಕಿಕೊಂಡು, ತಲೆ ಬಾಚಿಕೊಂಡು ಕೂತಿದ್ದರು. ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡೆ. “ಇವತ್ತು ಕಷ್ಟದ ವಾಕ್ಯ ಕೊಡ್ತೀನಿ,” ಎಂದು ನೆಲ ನೋಡುತ್ತ ಹೇಳಿದರು. “ಐ ಲೈಕ್ ಯು ಮೋರ್ ದ್ಯಾನ್ ಯುವರ್ ಸಿಸ್ಟರ್. ನಿಮ್ಮಕ್ಕನಿಗಿಂತ ಹೆಚ್ಚಾಗಿ ನಿಮ್ಮನ್ನ ಇಷ್ಟಪಡ್ತೀನಿ. ಈಗ ಸಿಸ್ಟರ್ ತೆಗೆದು, ಆ ಜಾಗದಲ್ಲಿ ಷಿ ಹಾಕ್ಬೇಕಾ, ಹರ್ ಹಾಕ್ಬೇಕಾ? ಯೋಚನೆ ಮಾಡಿ ಹೇಳಿ.”

ಯೋಚನೆ ಯಾತಕ್ಕೆ? ನಾನು ಕೂತಲ್ಲಿಂದ ಎದ್ದು ನಿಂತೇ ಹೇಳಿದೆ. “ಷಿ ಹಾಕಿದ್ರೆ, ಅಕ್ಕ ನನ್ನನ್ನ ಎಷ್ಟು ಇಷ್ಟಪಡ್ತಾಳೋ ಅದಕ್ಕಿಂತ ಹೆಚ್ಚು ನೀವು ಇಷ್ಟಪಡ್ತೀರಿ ಅಂತ. ಹರ್ ಹಾಕಿದ್ರೆ, ನೀವು ಅಕ್ಕನ್ನ ಎಷ್ಟು ಇಷ್ಟಪಡ್ತೀರೋ ಅದಕ್ಕಿಂತ ಹೆಚ್ಚು ನನ್ನನ್ನ ಅಂತ. ವ್ಯಾಕರಣದಲ್ಲಿ ಎರಡೂ ಸರಿ! ವಾಕ್ಯ ಬರೆಸಿದೋರ ಮನಸ್ಸಲ್ಲಿ ಯಾವುದಿದೆ ಅಂತ ಕೇಳಿ ಹಾಕ್ಬೇಕು.”

“ಮನಸ್ಸಲ್ಲಿ ಎರಡೂ ಇದ್ರೆ?”

“ಹಾಗಿದ್ರೆ ಎರಡು ಕೇಕ್ ಮಾಡಿಸ್ಬೇಕು!”

ಅವರು ಒಂದು ಗಾಜನ್ನು ತೆಗೆದುಕೊಂಡು ಒರೆಸತೊಡಗಿದರು. ಅದು ಮೊದಲೇ ಸ್ವಚ್ಛವಾಗಿತ್ತು. ಒರೆಸುತ್ತಲೇ ಇದ್ದರು. ಆಮೇಲೆ ಸಣ್ಣ ದನಿಯಲ್ಲಿ, “ಪೂರ್ತಿ ಅಂಕ,” ಎಂದರು. ಪಾಪ, ಶೀತ ಆಗಿರಬೇಕು.

ಕುಣಿದುಕೊಂಡು ಬಂದು ಅಕ್ಕನಿಗೆ ವಾಕ್ಯವನ್ನೂ ಉತ್ತರವನ್ನೂ ಒಪ್ಪಿಸಿದೆ. ಅಕ್ಕ ಮೊದಲು ನನ್ನನ್ನೇ ನೋಡಿದಳು. ಆಮೇಲೆ ಮೈದಾ ಮೂಟೆಯ ಮೇಲೆ ಕುಸಿದು ಕೂತು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ, ಕಣ್ಣೀರು ಸುರಿಸಿಕೊಂಡು ನಕ್ಕಳು. ಭಾವ ನೀರು ತಂದರು. ಅವರ ಕಿವಿಯಲ್ಲಿ ಏನೋ ಹೇಳಿದಳು. ಆ ನೀರನ್ನು ಅವರೇ ಕುಡಿದರು. ಇಷ್ಟು ಕಷ್ಟದ ವ್ಯಾಕರಣದಲ್ಲಿ ನಗುವಂಥದ್ದೇನಿದೆಯೋ ನನಗೆ ತಿಳಿಯಲಿಲ್ಲ.

ಮೇ ೨೫, ಗುರುವಾರ

ಅಕ್ಕ ಇನ್ನೂ ನಗುತ್ತಿದ್ದಾಳೆ. ಬ್ರೆಡ್ ಕೊಯ್ಯುವಾಗಲೂ. ಒಂದೊಂದು ತುಂಡು ಒಂದೊಂದು ದಪ್ಪ.

ಮೇ ೨೯, ಸೋಮವಾರ

ಕನ್ನಡಕ ಬಂತು! ಹಾಕಿಕೊಂಡು ಮೊದಲು ನೋಡಿದ್ದು ನನ್ನದೇ ಬರಹವನ್ನು. ಇಷ್ಟು ಚೆನ್ನಾಗಿದೆಯೇ ನನ್ನ ಅಕ್ಷರ? ಒಂದೊಂದು ಬಳುಕೂ ಕಾಣಿಸುತ್ತದೆ! ಕ್ರೀಮಿನಲ್ಲಿ ಗುಳ್ಳೆ ಇರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಆಮೇಲೆ ಅಕ್ಕನ ಮುಖ ನೋಡಿದೆ. ಹುಬ್ಬಿನಲ್ಲಿ ಮೈದಾ, ಕಣ್ಣಿನ ಕೆಳಗೆ ಸಣ್ಣ ಸಣ್ಣ ಗೆರೆ, ಗದ್ದದ ಮೇಲೆ ಹಳೆಯ ಸುಟ್ಟ ಕಲೆ. ಅವಳ ಮುಖವನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. “ಏನೇ ಹಾಗೆ ನೋಡ್ತೀಯ?” ಎಂದು ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು. ಚೆಂದ ಇದ್ದಾಳೆ.

ಎದುರಿನವರು ಇವತ್ತು ಪಾಠ ಬೇಡ ಅಂದರು. ಯಾಕೋ ನಾಲ್ಕೈದು ದಿನದಿಂದ ಮಂಕಾಗಿದ್ದಾರೆ. ಹಳೆಯ ಬೂದು ಅಂಗಿ.

ಮೇ ೩೦, ಮಂಗಳವಾರ, ಮಧ್ಯಾಹ್ನ

ಅಂಗಡಿಯಲ್ಲಿ ಜನ ಇಲ್ಲದ ಹೊತ್ತು. ಮೂಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಗ್ಗೆ ಮೆಷಿನ್ ಮಾರುವವನು ಬಂದ. ನಾನು ಕೋನ್ ಬಿಗಿಯಾಗಿ ಹಿಡಿದುಕೊಂಡು ಒಳಗೇ ನಿಂತೆ. ಅಕ್ಕ ಅವನಿಗೆ ಒಂದು ಬನ್ನು ಕೊಟ್ಟು, “ಬೇಡಪ್ಪ, ಈಗ ಅದರ ಅಗತ್ಯ ಇಲ್ಲ,” ಎಂದು ಕಳಿಸಿಬಿಟ್ಟಳು! ನಾನು ಹೊರಗೆ ಬಂದು, “ನೋಡಿದ್ಯಾ, ಒಂದು ಕೇಕೂ ವಾಪಸ್ ಬರಲಿಲ್ಲ!” ಎಂದು ಜಂಭ ಕೊಚ್ಚಿದೆ.

“ಕೇಕ್ ವಾಪಸ್ ಬಂದ್ರೆ ಇನ್ನೊಂದು ಬೇಯಿಸ್ತೀನಿ ಕಣೆ, ಅದೇನು ದೊಡ್ಡ ವಿಷಯ?” ಎಂದಳು ಅಕ್ಕ. “ಕೇಕಿಗೆ ಮೂಗು ತಾಗಿಸ್ಕೊಂಡು ಬರೀತಿದ್ದೆ ನೀನು. ಸಂಜೆ ಆದ್ರೆ ತಲೆ ಹಿಡ್ಕೊಂಡು ಕೂರ್ತಿದ್ದೆ. ಕಣ್ಣು ತೋರಿಸ್ಕೋ ಅಂದ್ರೆ ಕೇಳೋ ಪೈಕೀನಾ? ನೋಡೋಕೆ ಆಗ್ತಿರ್ಲಿಲ್ಲ ನನಗೆ. ಮೆಷಿನ್ ಬಂದ್ರೆ ನಿನ್ನ ಕಣ್ಣಾದ್ರೂ ಉಳಿಯುತ್ತಲ್ಲ ಅಂದ್ಕೊಂಡೆ. ಈಗ ಕನ್ನಡಕ ಬಂತಲ್ಲ, ಆ ದರಿದ್ರ ಮೆಷಿನ್ ಯಾರಿಗೆ ಬೇಕು?”

“ಮತ್ತೆ ಬ್ರೆಡ್ ಕಡೆ ನೋಡ್ಕೋ ಅಂದಿದ್ದು?”

“ಬ್ರೆಡ್ ಬರೀ ಕೈಯಲ್ಲೇ ಗೊತ್ತಾಗುತ್ತೆ, ಕಣ್ಣು ಬೇಡ.”

ದೀಪ ಎಳೆದಿಟ್ಟದ್ದೂ ಅದಕ್ಕೇ ಇರಬೇಕು. ಅವಳನ್ನು ತಬ್ಬಿಕೊಂಡೆ, ಕನ್ನಡಕಕ್ಕೆಲ್ಲ ಬೆಣ್ಣೆ ಮೆತ್ತಿತು. ಇಷ್ಟು ಪ್ರೀತಿಯನ್ನು ಇಷ್ಟು ಗದರಿಕೆಯಲ್ಲಿ ಇಟ್ಟರೆ ಯಾರಿಗೆ ಕಾಣುತ್ತದೆ? ಈ ಜಗತ್ತಿನಲ್ಲಿ ನನ್ನನ್ನು ಇವಳಿಗಿಂತ ಹೆಚ್ಚು ಇಷ್ಟಪಡುವವರು ಯಾರೂ ಇಲ್ಲ.

ಅಂದ ಹಾಗೆ, ಮೊನ್ನೆಯ ಕಷ್ಟದ ವಾಕ್ಯಕ್ಕೆ ನಾನು ಕೊಟ್ಟ ಉತ್ತರ ಪೂರ್ತಿ ಸರಿಯಲ್ಲ. ವ್ಯಾಕರಣದಲ್ಲಿ ಸರಿ, ನಿಜದಲ್ಲಿ ತಪ್ಪು. ಷಿ ಹಾಕಿ ನೋಡೋಣ: ಅಕ್ಕ ನನ್ನನ್ನು ಇಷ್ಟಪಡುವುದಕ್ಕಿಂತ ಹೆಚ್ಚಾಗಿ ‘ಐ’ ನನ್ನನ್ನು ಇಷ್ಟಪಡುತ್ತಾನೆ. ಹಾಗಾಗಲು ಸಾಧ್ಯವೇ ಇಲ್ಲ. ಆ ಐ ಯಾರೇ ಆಗಿರಲಿ. ಆ ಐ ಅಂದರೆ ವಾಕ್ಯ ಹೇಳಿದವರು. ವಾಕ್ಯ ಹೇಳಿದವರು ಎದುರುಗಡೆಯ ಅಂಗಡಿಯವರು. ಯು ಅಂದರೆ ಯಾರಿಗೆ ಹೇಳಿದರೋ ಅವರು. ಹೇಳಿದ್ದು ನನಗೆ. ನನ್ನ ಅಕ್ಕನ ಹೆಸರೆತ್ತಿ, ತಲೆ ಬಾಚಿಕೊಂಡು, ಒಂದೇ ಕನ್ನಡಕ ಹಾಕಿಕೊಂಡು

ಅಯ್ಯೋ.

ಅಯ್ಯೋ ಅಯ್ಯೋ ಅಯ್ಯೋ! ಎರಡು ಕೇಕ್ ಮಾಡಿಸಬೇಕು ಅಂದೆನಲ್ಲ!

ಅದೇ ದಿನ, ಸಂಜೆ

ಏಪ್ರನ್ ಬಿಚ್ಚುವುದನ್ನೂ ಮರೆತು ಓಡಿದೆ. ಹಿಂದಿನಿಂದ ಅಕ್ಕ, “ನಿಧಾನಕ್ಕೆ ದಾಟೇ!” ಎಂದು ಕೂಗಿದಳು. ಎಲ್ಲಿಗೆ ಎಂದು ಕೇಳಲೇ ಇಲ್ಲ. ಅಂಗಡಿಯಲ್ಲಿ ಕನ್ನಡಕದವರು ಒಬ್ಬರೇ ಕೂತು ಸಣ್ಣ ಸ್ಕ್ರೂ ಒಂದನ್ನು ಬಿಗಿ ಮಾಡುತ್ತಿದ್ದರು.

“ನಿಮ್ಮ ವಾಕ್ಯ ತಪ್ಪು,” ಎಂದೆ. ಏದುಸಿರು ಬರುತ್ತಿತ್ತು.

ಸ್ಕ್ರೂ ಕೈಯಿಂದ ಬಿತ್ತು. ಮುಖ ಬಿಳಿಚಿಕೊಂಡಿತು. “ಕ್ಷಮಿಸಿ. ನಾನು ಹೇಳಬಾರದಿತ್ತು.”

“ಪೂರ್ತಿ ಕೇಳಿ. ಅದರಲ್ಲಿ ಷಿ ಹಾಕೋಕಾಗಲ್ಲ. ಸುಳ್ಳಾಗುತ್ತೆ. ನಮ್ಮಕ್ಕನಿಗಿಂತ ಹೆಚ್ಚಾಗಿ ನನ್ನನ್ನ ಯಾರೂ ಇಷ್ಟಪಡೋಕೆ ಆಗಲ್ಲ. ನೀವು ಎಷ್ಟೇ ಪ್ರಯತ್ನ ಪಟ್ರೂ ಆಗಲ್ಲ.”

ಹೊಸ ಕನ್ನಡಕದಲ್ಲಿ ಅವರ ಮುಖದ ಒಂದೊಂದು ಗೆರೆಯೂ ಕಾಣುತ್ತಿತ್ತು. ತುಟಿಯ ತುದಿ ಅಲುಗಿದ್ದೂ ಕಾಣಿಸಿತು.

“ಹಾಗಾದ್ರೆ ಏನು ಹಾಕ್ಲಿ?”

“ಹರ್ ಹಾಕಿ,” ಎಂದೆ. “ನನಗೆ ಅಷ್ಟು ಸಾಕು.”